ಬಲ್ಲವರ ಕೈಗೆ ಲೇಖನಿ: ಗಣಕಯಂತ್ರಕ್ಕೆ ಪದಾರ್ಥಗಳನ್ನು ಪರಿಚಯಿಸಿದ ಕಥೆ

ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಯ ಹಿರಿಯ ಸೂಪರಿಂಟೆಂಡೆಂಟರೊಬ್ಬರು ನಿವೃತ್ತರಾದರು. ಹಾರ, ಶಾಲು, ಸಮೋಸಾ, ಚಹಾ ಎಲ್ಲವೂ ಆಯಿತು. ಮರುದಿನದಿಂದಲೇ ನಮ್ಮ ಪಾಡು ಆರಂಭವಾಯಿತು. ಯಾವ ಪ್ರಕರಣದ ಹಳೆಯ ಆದೇಶ ಯಾವ ಫೈಲಿನಲ್ಲಿದೆ, ಯಾವ ನಿಯಮಕ್ಕೆ ಯಾವುದು ಅಪವಾದ, ಒಂದೇ ಶಬ್ದಕ್ಕೆ ಎರಡು ಶಾಖೆಗಳಲ್ಲಿ ಏನೇನು ಅರ್ಥ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಕಂಪ್ಯೂಟರಿನಲ್ಲಿ ಸಾವಿರಾರು ಕಡತಗಳಿದ್ದವು, ನಿಜ. ಆದರೆ ಅವುಗಳ ನಡುವಣ ಸಂಬಂಧ ಅವರೊಡನೆಯೇ ಮನೆಗೆ ಹೋಗಿತ್ತು.

ಬಲ್ಲವರ ತಲೆಯಲ್ಲಿರುವುದನ್ನು ಯಂತ್ರಕ್ಕೆ ದಾಟಿಸುವುದು ಹೇಗೆ? ಈ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ. ಅದನ್ನು ಸ್ಥೂಲವಾಗಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಎಂಬವರು 'ಮೈಸಿನ್' ಎಂಬ ತಂತ್ರಾಂಶವನ್ನು ರಚಿಸಿದರು. ರಕ್ತದ ಸೋಂಕಿಗೆ ಯಾವ ಸೂಕ್ಷ್ಮಜೀವಿ ಕಾರಣವಿರಬಹುದು, ಯಾವ ಔಷಧ ತಕ್ಕುದು ಎಂದು ವೈದ್ಯರಿಗೆ ಸಲಹೆ ನೀಡುವುದು ಅದರ ಕೆಲಸ. 'ಹೀಗಿದ್ದರೆ ಹೀಗೆ' ಎಂಬ ಮಾದರಿಯ ನೂರಾರು ಸೂತ್ರಗಳು ಅದರಲ್ಲಿದ್ದವು. ಪರೀಕ್ಷೆಯಲ್ಲಿ ಅದರ ಸಲಹೆ ತಜ್ಞರ ಸಲಹೆಗೆ ಸರಿಸಮನಾಗಿ ನಿಂತಿತಾದರೂ ಆಸ್ಪತ್ರೆಯ ನಿತ್ಯ ಬಳಕೆಗೆ ಅದು ಬರಲಿಲ್ಲ. ಒಂದೊಂದು ಸೂತ್ರಕ್ಕೂ ವೈದ್ಯರನ್ನು ಕೂರಿಸಿಕೊಂಡು, ಅವರು ಹೇಳಿದ್ದನ್ನು ಪ್ರೋಗ್ರಾಮರು ಯಂತ್ರದ ಭಾಷೆಗೆ ಇಳಿಸಬೇಕಾಗಿತ್ತು. ವೈದ್ಯರಿಗೆ ಯಂತ್ರದ ಭಾಷೆ ಬಾರದು, ಪ್ರೋಗ್ರಾಮರಿಗೆ ವೈದ್ಯಶಾಸ್ತ್ರ ತಿಳಿಯದು. ಯಂತ್ರದ ಶಕ್ತಿಗಿಂತ ಈ ಜ್ಞಾನಸಂಗ್ರಹದ ಕೆಲಸವೇ ಇಕ್ಕಟ್ಟಿನ ಜಾಗವೆಂದು ಅದೇ ವಿಶ್ವವಿದ್ಯಾಲಯದ ಎಡ್ವರ್ಡ್ ಫೈಗನ್‌ಬಾಮ್ ಗುರುತಿಸಿದರು.

ಅನಂತರ ಅಲ್ಲಿಯೇ ಕ್ಯಾನ್ಸರ್ ಚಿಕಿತ್ಸೆಗೆ ನೆರವಾಗಲು 'ಆಂಕೋಸಿನ್' ಎಂಬ ತಂತ್ರಾಂಶ ಸಿದ್ಧವಾಯಿತು. ಚಿಕಿತ್ಸೆಯ ಒಂದೊಂದು ಕ್ರಮವನ್ನೂ ಅದಕ್ಕೆ ಕಲಿಸಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಆಗ ವೈದ್ಯರೂ ಗಣಕವಿಜ್ಞಾನಿಯೂ ಆದ ಮಾರ್ಕ್ ಮ್ಯೂಸನ್ ಒಂದು ಉಪಾಯ ಹೂಡಿದರು. ವೈದ್ಯರಿಗೆ ಪರಿಚಿತವಾದ ಫಾರಂಗಳನ್ನೇ ಪರದೆಯ ಮೇಲೆ ತೋರಿಸಿ, ಅವರೇ ತುಂಬುವಂತೆ ಮಾಡುವ 'ಓಪಲ್' ಎಂಬ ಸಾಧನ ಬಂದಿತು. ಲೇಖನಿ ಮಧ್ಯವರ್ತಿಯ ಕೈಯಿಂದ ಬಲ್ಲವರ ಕೈಗೆ ದಾಟಿದ್ದು ಹೀಗೆ. ಆದರೆ ಓಪಲ್ ಕ್ಯಾನ್ಸರಿಗೆ ಮಾತ್ರ ಸಲ್ಲುತ್ತಿತ್ತು. ಪ್ರತಿ ವಿಷಯಕ್ಕೂ ಹೊಸ ಫಾರಂಗಳನ್ನು ಹೆಣೆಯುವ ಬದಲು, ಅಂತಹ ಫಾರಂಗಳನ್ನು ತಾನೇ ತಯಾರಿಸಿಕೊಡುವ ತಂತ್ರಾಂಶವೊಂದಿದ್ದರೆ? 1987ರಲ್ಲಿ ಮ್ಯೂಸನ್ ರಚಿಸಿದ 'ಪ್ರೊಟೆಜೆ' ಅದೇ. ಫ್ರೆಂಚ್ ಮೂಲದ ಈ ಶಬ್ದಕ್ಕೆ 'ಆಶ್ರಯದಲ್ಲಿರುವವನು' ಎಂದು ಅರ್ಥ.

ಫಾರಂ ಬೇಕಾದರೆ ಮೊದಲು ಆ ಲೋಕದಲ್ಲಿ ಏನೇನಿದೆ, ಯಾವುದಕ್ಕೆ ಯಾವುದು ಸಂಬಂಧ ಎಂಬ ನಕ್ಷೆ ಬೇಕು. 1990ರ ದಶಕದಲ್ಲಿ ಈ ನಕ್ಷೆಗೆ 'ಆಂಟಾಲಜಿ' ಎಂಬ ತತ್ತ್ವಶಾಸ್ತ್ರದ ಹೆಸರು ರೂಢಿಗೆ ಬಂದಿತು. ಒಂದು ವಿಷಯದ ಪರಿಕಲ್ಪನೆಗಳನ್ನು ಸ್ಪಷ್ಟವಾಗಿ ಬರೆದಿಡುವುದೇ ಆಂಟಾಲಜಿ ಎಂದು 1993ರಲ್ಲಿ ಟಾಮ್ ಗ್ರೂಬರ್ ನಿರೂಪಿಸಿದರು. ನಮಗಿದು ತೀರ ಅಪರಿಚಿತವಲ್ಲ. ಕಣಾದರ ವೈಶೇಷಿಕ ದರ್ಶನ ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂಬ ಆರು ಪದಾರ್ಥಗಳನ್ನು ಎಣಿಸಿತು. ಮುಂದಿನವರು 'ಅಭಾವ'ವನ್ನು ಏಳನೆಯದಾಗಿ ಸೇರಿಸಿದರು. ಗ್ರಂಥಗಳ ವಿಷಯವನ್ನು ಹಲವು ಮುಖಗಳಿಂದ ವಿಂಗಡಿಸುವ 'ಕೋಲನ್ ವರ್ಗೀಕರಣ'ವನ್ನು 1933ರಲ್ಲಿ ಪ್ರಕಟಿಸಿದ ಎಸ್. ಆರ್. ರಂಗನಾಥನ್ ಮದರಾಸಿನವರಾದರೂ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಈ ವಿದ್ಯೆಗಾಗಿಯೇ 1962ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದರು.

ಪ್ರೊಟೆಜೆ ಹಲವು ಜನ್ಮಗಳನ್ನೆತ್ತಿತು. ಮೊದಲು ದುಬಾರಿ ಲಿಸ್ಪ್ ಯಂತ್ರಗಳಲ್ಲಿ, ಆಮೇಲೆ ನೆಕ್ಸ್ಟ್ ಗಣಕದಲ್ಲಿ, ತರುವಾಯ ವಿಂಡೋಸಿನಲ್ಲಿ, ಕೊನೆಗೆ ಯಾವ ಗಣಕದಲ್ಲಾದರೂ ನಡೆಯುವ ಜಾವಾದಲ್ಲಿ. ಅದನ್ನು ಉಚಿತವಾಗಿ, ಮೂಲ ಬರಹದೊಡನೆ ಹಂಚಿದ್ದರಿಂದ ಅನ್ಯರೂ ಸೇರಿ ಬೆಳೆಸಿದರು. 2004ರಲ್ಲಿ ಆಂಟಾಲಜಿ ಬರೆಯಲು 'ಔಲ್' ಎಂಬ ಅಂತರರಾಷ್ಟ್ರೀಯ ಭಾಷೆ ಅಂಗೀಕೃತವಾದಾಗ ಪ್ರೊಟೆಜೆ ಅದಕ್ಕೂ ಹೊಂದಿಕೊಂಡಿತು. ಬರೆದದ್ದರಿಂದ ಬರೆಯದ್ದನ್ನು ತರ್ಕಿಸಿ ಹೇಳುವ, ವಿರೋಧವಿದ್ದರೆ ಎಚ್ಚರಿಸುವ ತಾರ್ಕಿಕ ಯಂತ್ರಗಳೂ ಜೊತೆಗೂಡಿದವು.

ಈ ತರ್ಕದ ರೀತಿ ನಮ್ಮಂಥ ಗುಮಾಸ್ತರಿಗೆ ವಿಚಿತ್ರವೆನಿಸುತ್ತದೆ. ಕಚೇರಿಯಲ್ಲಿ ಕಡತದಲ್ಲಿಲ್ಲದ್ದು ಇಲ್ಲವೆಂದೇ ಲೆಕ್ಕ. ಇಲ್ಲಿ ಹಾಗಲ್ಲ, ಬರೆಯದ್ದು 'ಇಲ್ಲ' ಎಂದಲ್ಲ, 'ಗೊತ್ತಿಲ್ಲ' ಎಂದರ್ಥ. ಇದನ್ನು ಕಲಿಸಲು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಪಿಜ್ಜಾವನ್ನೇ ಪಾಠವಾಗಿಸಿದ್ದಾರೆ. ಟೊಮೇಟೊ, ಚೀಸ್ ಇದೆ ಎಂದು ಬರೆದ ಮಾತ್ರಕ್ಕೆ ಯಂತ್ರ ಅದನ್ನು ಸಸ್ಯಾಹಾರಿ ಎಂದು ಒಪ್ಪದು. 'ಇವೆರಡರ ಹೊರತು ಬೇರೇನೂ ಇಲ್ಲ' ಎಂದು ಬರೆದರೆ ಮಾತ್ರ ಒಪ್ಪುತ್ತದೆ. ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ನಮ್ಮ ಹಿರಿಯರು ಇದನ್ನು ಕಂಡಿದ್ದರೆ ನಗುತ್ತಿದ್ದರೇನೋ!

ಇವೆಲ್ಲ ಪಂಡಿತರ ಆಟವೆಂದು ತಿಳಿಯಬಾರದು. 1893ರಿಂದ ಬೆಳೆದು ಬಂದಿರುವ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯ ಹನ್ನೊಂದನೆಯ ಆವೃತ್ತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದಾಗ, ನಾನಾ ದೇಶಗಳ ತಜ್ಞರು ಪ್ರೊಟೆಜೆಯ ಅಂತರಜಾಲ ರೂಪವನ್ನು ಆಧರಿಸಿದ ಸಾಧನದಲ್ಲಿ ಕುಳಿತಲ್ಲಿಂದಲೇ ಒಟ್ಟಾಗಿ ಕೆಲಸ ಮಾಡಿದರು. 2019ರಲ್ಲಿ ಅಂಗೀಕೃತವಾದ ಆ ಪಟ್ಟಿ 2022ರ ಜನವರಿ 1ರಂದು ಜಾರಿಗೆ ಬಂದಿತು. ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ರೋಗನಾಮಗಳಿಗೂ ಅದರಲ್ಲಿ ಸ್ಥಾನ ಕೊಡುವ ಭಾಗ 2024ರ ಜನವರಿಯಲ್ಲಿ ಇದೇ ನಮ್ಮ ದೆಹಲಿಯಲ್ಲಿ ಬಿಡುಗಡೆಯಾಯಿತು. ಯಂತ್ರ ಬರೆದುಕೊಳ್ಳಲು ಸದಾ ಸಿದ್ಧ; ಯಾವ ಶಬ್ದಕ್ಕೆ ಯಾವ ಅರ್ಥ ಎಂದು ಮನುಷ್ಯರು ಒಮ್ಮತಕ್ಕೆ ಬರುವುದೇ ಕಷ್ಟ.

ಈ ಕಷ್ಟದ ಅನುಭವ ನಮ್ಮ ಮನೆಯಲ್ಲೇ ಆಯಿತು. ಕಾಲೇಜಿಗೆ ಹೋಗುವ ಮಗಳು ರಜೆಯಲ್ಲಿ ಪ್ರೊಟೆಜೆಯನ್ನು ತಂದು ಹಾಕಿಕೊಂಡಿದ್ದಳು. ನಮ್ಮ ಬಂಧುಬಳಗವನ್ನೇ ಬರೆಯೋಣ ಎಂದೆ. ದೆಹಲಿಯಲ್ಲಿ ಹುಟ್ಟಿದ ಅವಳಿಗೆ ಎಲ್ಲರೂ 'ಅಂಕಲ್'. ತಾಯಿಯ ಸಹೋದರ ಸೋದರಮಾವ, ತಂದೆಯ ಅಣ್ಣ ದೊಡ್ಡಪ್ಪ, ತಂದೆಯ ತಮ್ಮ ಚಿಕ್ಕಪ್ಪ ಎಂದು ಬರೆಸಿದೆ. ಧಾರವಾಡದ ಕಡೆಯವರಾದ ನನ್ನ ಮನೆಯವರು ಒಳಗಿನಿಂದಲೇ, "ಚಿಕ್ಕಪ್ಪ ಅಲ್ರೀ, ಕಾಕಾ" ಎಂದರು. ಸಂಬಂಧ ಒಂದೇ, ಹೆಸರು ಎರಡು ಎಂದು ಮಗಳು ಎರಡನ್ನೂ ಸೇರಿಸಿದಳು. ಯಾರು ಯಾರ ಮಗ, ಯಾರು ಯಾರ ಅಣ್ಣ ಎಂದಷ್ಟೇ ಬರೆದಿದ್ದೆವು. ಯಂತ್ರ ಅವಳ ಸೋದರಮಾವಂದಿರ ಹೆಸರನ್ನು ತಾನೇ ಹೇಳಿತು. ಅವಳಿಗೆ ಅಚ್ಚರಿ, ನನಗೆ ಸಂತೋಷ.

ಷಡ್ಡಕ, ಓರಗಿತ್ತಿ, ಬೀಗರು ಎಂದು ಪಟ್ಟಿ ಬೆಳೆಯಿತು. ದೂರದ ಒಂದೆರಡು ಸಂಬಂಧಗಳಲ್ಲಿ ನಾನೇ ತಡವರಿಸಿದೆ. ಯಂತ್ರ ಸುಮ್ಮನಿತ್ತು, ಅದಕ್ಕೆ ಗೊತ್ತಿಲ್ಲ. ಊರಿಗೆ ಫೋನ್ ಮಾಡಿ ನಮ್ಮ ಅಮ್ಮನನ್ನು ಕೇಳಿದೆವು. ಅವರು ಒಂದೇ ಉಸಿರಿಗೆ ಹೇಳಿದರು; ಮಗಳು ಬರೆದುಕೊಂಡಳು. ನಮ್ಮ ಸೂಪರಿಂಟೆಂಡೆಂಟರನ್ನು ಅವರು ಕಚೇರಿಯಲ್ಲಿದ್ದಾಗ ಹೀಗೆ ಯಾರೂ ಕೇಳಲಿಲ್ಲ. ಸಾಧನ ಈಗ ಉಚಿತವಾಗಿಯೇ ದೊರೆಯುತ್ತದೆ. ಬಲ್ಲವರು ಇರುವಾಗಲೇ ಕೇಳಿಕೊಳ್ಳುವುದು ಮಾತ್ರ ನಮ್ಮ ಕೆಲಸ.