ತರಿಯ ಊರು, ಖುಷ್ಕಿಯ ಊರು: ತೊಣ್ಣೂರು ಸೀಮೆಯಲ್ಲಿ ಅಧ್ಯಯನಗಳು ರೂಪುಗೊಂಡ ಬಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರುವ ತೊಣ್ಣೂರಿನ ಸುತ್ತಲಿನ ಸೀಮೆಯಲ್ಲಿ ನೀರು ಎಂದೂ ಸಮನಾಗಿ ಹಂಚಿಕೆಯಾದದ್ದಿಲ್ಲ. ಕಾವೇರಿಯ ಮಗ್ಗುಲಿನಲ್ಲಿ ಹಳೆಯ ನಾಲೆಗಳ ಗದ್ದೆ ಬಯಲು, ಅದಕ್ಕೆ ಸ್ವಲ್ಪ ಮೇಲೆ ಕೆರೆಯನ್ನೇ ನಂಬಿದ ಅಚ್ಚುಕಟ್ಟು, ಇನ್ನೂ ಉತ್ತರಕ್ಕೆ ನಡೆದರೆ ಮಳೆಯನ್ನು ಕಾಯುವ ರಾಗಿ ಹೊಲ, ಹೀಗೆ ಕೆಲವೇ ಹರಿದಾರಿಗಳೊಳಗೆ ಬೇಸಾಯದ ಸ್ಥಿತಿ ಬದಲಾಗುತ್ತದೆ. ಒಕ್ಕಲಿಗೆ ಇದು ಹಣೆಬರಹವೆಂದು ತೋರಿದರೆ, ಸಂಶೋಧಕನಿಗೆ ಇದೇ ವ್ಯತ್ಯಾಸ ದೊಡ್ಡ ಅನುಕೂಲವಾಗಿ ಒದಗಿತು. ಯಾವ ಅಧ್ಯಯನವೇ ಆಗಲಿ ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು, ಯಾವುದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕು ಎಂಬ ಮೂರು ತೀರ್ಮಾನಗಳಿಂದ ಆರಂಭವಾಗುತ್ತದೆ. ಈ ತೀರ್ಮಾನಗಳ ಒಟ್ಟು ಏರ್ಪಾಟನ್ನೇ ಅಧ್ಯಯನದ ವಿನ್ಯಾಸ ಎನ್ನುತ್ತಾರೆ. ಕಳೆದ ಎರಡು ಶತಮಾನಗಳಲ್ಲಿ ಈ ಸೀಮೆಯಲ್ಲೂ ಇದರ ನೆರೆಯಲ್ಲೂ ನಡೆದ ಕೆಲವು ಅಧ್ಯಯನಗಳು ಏನನ್ನು ಕಂಡವು, ಏನನ್ನು ಕಾಣದೆ ಹೋದವು ಎಂಬುದು ಬಹುಮಟ್ಟಿಗೆ ಅವುಗಳ ವಿನ್ಯಾಸದಲ್ಲಿಯೇ ನಿಶ್ಚಯವಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು, ಕೆನರಾ ಮತ್ತು ಮಲಬಾರುಗಳ ಪರಿಶೀಲನೆಗೆ ನೇಮಿಸಿದನು. ಕೊಟ್ಟ ಆದೇಶವೇ ಒಂದು ಪ್ರಶ್ನಾವಳಿ, ಅಂದರೆ ಕೇಳಬೇಕಾದ ಸಂಗತಿಗಳನ್ನು ಮೊದಲೇ ಗೊತ್ತುಮಾಡಿದ ಪಟ್ಟಿ: ಬೇಸಾಯಕ್ಕೆ ಮೊದಲ ಸ್ಥಾನ, ಬಳಿಕ ದನಕರು, ಹಿಡುವಳಿಯ ಬಗೆ, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಕಸಬು, ಹವೆ, ಕೊನೆಗೆ ಜನರ ಸ್ಥಿತಿಗತಿ. ಕಂಪನಿಗೆ ಯಾವುದರಿಂದ ಕಂದಾಯ ಬಂದೀತು, ಯಾವುದನ್ನು ಹಡಗಿಗೆ ಏರಿಸಬಹುದು ಎಂಬ ಲೆಕ್ಕಾಚಾರ ಈ ಸರದಿಯಲ್ಲೇ ಕಾಣುತ್ತದೆ. ಕನ್ನಡ ಬಾರದ ಬುಕಾನನ್ ದುಭಾಷಿಗಳ ಮೂಲಕ ಹೆಚ್ಚಾಗಿ ಕೇಳಿದ್ದು ಅಧಿಕಾರಿಗಳನ್ನು, ಗೌಡರನ್ನು, ಬ್ರಾಹ್ಮಣರನ್ನು, ವರ್ತಕರನ್ನು; ಗದ್ದೆಗಿಳಿದು ನಾಟಿ ಹಾಕುವ ಹೆಂಗಸಿನ ಮಾತು ಅವನ ಪುಸ್ತಕವನ್ನು ಸೇರಲು ದಾರಿಯೇ ಇರಲಿಲ್ಲ.

ಇಷ್ಟಾದರೂ ಅವನ ಕ್ರಮದಲ್ಲಿ ಒಂದು ಗುಣವಿದೆ, ತೊಣ್ಣೂರು ಕೆರೆಯ ವರ್ಣನೆಯಲ್ಲಿ ಅದು ಚೆನ್ನಾಗಿ ಗೋಚರಿಸುತ್ತದೆ. ಎರಡು ಬೆಟ್ಟದ ಹಳ್ಳಗಳು ಕೂಡಿ ಬಂಡೆಗುಡ್ಡಗಳ ನಡುವಿನ ಕಂಡಿಯಲ್ಲಿ ನುಗ್ಗಿ ಹರಿಯುತ್ತಿದ್ದವೆಂದೂ, ರಾಮಾನುಜಾಚಾರ್ಯರು ಆ ಕಂಡಿಗೆ ಏರಿ ಕಟ್ಟಿಸಿದರೆಂದೂ ಅವನು ಬರೆಯುತ್ತಾನೆ. ಏರಿಯ ಎತ್ತರ 78 ಮೊಳ, ಉದ್ದ 150 ಮೊಳ, ಬುಡದ ದಪ್ಪ 250 ಮೊಳ ಎಂಬ ಅಳತೆಯನ್ನು ಕೊಡುವಾಗ ಅದು ಜನ ಹೇಳಿದ್ದೇ ಹೊರತು ತಾನು ಅಳೆದದ್ದಲ್ಲ ಎಂಬುದನ್ನು ಸೂಚಿಸಲು ಮರೆಯುವುದಿಲ್ಲ. ಅಲ್ಲಿಂದ ಮುಂದೆ, ಕೆರೆ ತುಂಬಿದರೆ ಎರಡು ವರ್ಷದ ಬೇಸಾಯಕ್ಕೆ ಸಾಕಾಗುವಷ್ಟು ನೀರು ನಿಲ್ಲುತ್ತದೆಂದೂ, ಆದರೆ ಮಳೆ ಕೈಕೊಟ್ಟಾಗ ಹಲವು ವರ್ಷ ನೀರು ತೂಬಿನ ಮಟ್ಟಕ್ಕೇ ಏರುವುದಿಲ್ಲವೆಂದೂ ದಾಖಲಿಸುತ್ತಾನೆ. ಕೇಳಿದ್ದನ್ನು ಕೇಳಿದ್ದೆಂದೇ ಬರೆಯುವ, ಸಂಖ್ಯೆಯ ಪಕ್ಕದಲ್ಲಿ ಅದರ ಮೂಲವನ್ನೂ ಇಡುವ ಈ ಎಚ್ಚರ ಇಂದಿನ ಎಷ್ಟೋ ಸಮೀಕ್ಷಾ ವರದಿಗಳಲ್ಲಿ ಸಿಗುವುದಿಲ್ಲ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನ ದಿನಚರಿಯ ರೂಪದಲ್ಲೇ ಉಳಿದದ್ದರಿಂದ ಓದಲು ಬಳಲಿಕೆಯಾಗುವುದು ನಿಜ. ಆದರೆ ಯಾವ ಮಾಹಿತಿ ಯಾವ ಊರಿನಲ್ಲಿ, ಯಾವ ದಿನ ದೊರೆಯಿತೆಂದು ಹಿಂದಕ್ಕೆ ಹೋಗಿ ಪರೀಕ್ಷಿಸಲು ಸಾಧ್ಯವಾಗಿರುವುದೂ ಆ ರೂಪದಿಂದಲೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಶಾಸನತಜ್ಞ ಬಿ. ಎಲ್. ರೈಸ್ ಹಿಡಿದ ದಾರಿ ಬೇರೆ. ‘ಎಪಿಗ್ರಾಫಿಯಾ ಕರ್ನಾಟಿಕ’ ಮಾಲೆಯಲ್ಲಿ ಅವರು ಮುಖ್ಯವೆನಿಸಿದ ಶಾಸನಗಳನ್ನಷ್ಟೇ ಆರಿಸಿಕೊಳ್ಳದೆ, ತಾಲ್ಲೂಕನ್ನು ಘಟಕವಾಗಿಟ್ಟುಕೊಂಡು ಸಿಕ್ಕಿದ ಕಲ್ಲುಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟರು. ಇಡೀ ಸಮುದಾಯದಿಂದ ಕೆಲವನ್ನು ಮಾತ್ರ ಆಯ್ದು ಉಳಿದವನ್ನು ಊಹಿಸುವುದು ಮಾದರಿ ಸಮೀಕ್ಷೆಯಾದರೆ, ದೊರೆತದ್ದನ್ನೆಲ್ಲ ಎಣಿಸಿ ಇಡುವುದು ಸಮಗ್ರ ಗಣತಿ. ರೈಸರದು ಎರಡನೆಯ ಬಗೆ. ತೊಣ್ಣೂರಿನ ಶಾಸನಗಳು 1894ರ ಮೂರನೆಯ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಅಡಿಯಲ್ಲಿವೆ. ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳವು 1898ರ ನಾಲ್ಕನೆಯ ಸಂಪುಟಕ್ಕೆ ಬಂದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಈ ಮಾಲೆಯ ಪರಿಷ್ಕೃತ ಆವೃತ್ತಿಯನ್ನು ಕೈಗೆತ್ತಿಕೊಂಡು ಹೊಸ ಪಾಠಗಳನ್ನೂ ಹೊಸದಾಗಿ ಸಿಕ್ಕ ಶಾಸನಗಳನ್ನೂ ಸೇರಿಸಲು ಸಾಧ್ಯವಾದದ್ದು, ಯಾವ ಕಲ್ಲು ಎಲ್ಲಿದೆಯೆಂದು ಮೊದಲಿನವರು ಬರೆದಿಟ್ಟಿದ್ದರಿಂದ.

ಕನ್ನಂಬಾಡಿಯ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಗಿ ಎರಡು ದಶಕಗಳ ಬಳಿಕ ಮುಗಿಯುತ್ತ ಬಂದಾಗ, ಅದರ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಇಂದು ಎಲ್ಲರ ಬಾಯಲ್ಲೂ ವಿ.ಸಿ. ನಾಲೆ ಎನಿಸಿಕೊಂಡಿರುವ ವಿಶ್ವೇಶ್ವರಯ್ಯ ನಾಲೆ, ಪಾಂಡವಪುರದ ಕಡೆಯಿಂದ ಹಾದು ಮಂಡ್ಯದ ಬೆದ್ದಲು ಭೂಮಿಯನ್ನು ಗದ್ದೆಯಾಗಿಸತೊಡಗಿತು. ನೀರಿನ ಹಿಂದೆಯೇ ಮಲೇರಿಯಾದ ಪ್ರಶ್ನೆಯೂ ಬಂತು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರು ಸಂಸ್ಥಾನ ನಡೆಸಿದ ಮಲೇರಿಯಾ ಶೋಧನೆಗೆ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿ ಒಂದು ಕ್ಷೇತ್ರಕೇಂದ್ರವಾಯಿತು, ಮಲೆನಾಡಿನ ಮೂಡಿಗೆರೆ ಇನ್ನೊಂದು. ಭತ್ತದ ಬಯಲಿನ ಸೊಳ್ಳೆ ಮತ್ತು ಮಲೆನಾಡಿನ ತೊರೆಯ ಸೊಳ್ಳೆ ಒಂದೇ ಜಾತಿಯವಲ್ಲವಾದ್ದರಿಂದ ಒಂದೆಡೆ ಫಲಿಸಿದ ಉಪಾಯವನ್ನು ಮತ್ತೊಂದೆಡೆ ಕಣ್ಣುಮುಚ್ಚಿ ಹೇರುವಂತಿರಲಿಲ್ಲ. ಆ ಕಾಲದ ಮಲೇರಿಯಾ ತಜ್ಞರ ಮುಖ್ಯ ಅಳತೆಗೋಲು ಗುಲ್ಮದ ಪ್ರಮಾಣ: ಊರಿನ ಮಕ್ಕಳ ಹೊಟ್ಟೆಯ ಎಡಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ನೂರಕ್ಕೆ ಎಷ್ಟು ಮಕ್ಕಳ ಗುಲ್ಮ ಊದಿದೆ ಎಂದು ಲೆಕ್ಕ ಹಾಕುವುದು. ಇದರ ಜೊತೆಗೆ ರಕ್ತದ ಲೇಪನದ ಪರೀಕ್ಷೆ, ಮನೆ ಕೊಟ್ಟಿಗೆಗಳಲ್ಲಿ ಸೊಳ್ಳೆ ಹಿಡಿದು ಸೀಳಿ ಅದರ ಲಾಲಾಗ್ರಂಥಿಯಲ್ಲಿ ರೋಗಾಣು ಹುಡುಕುವ ಕೆಲಸ ಸೇರುತ್ತಿತ್ತು. ಒಂದೇ ಸಂಗತಿಯನ್ನು ಮೂರು ಕಡೆಯಿಂದ ಅಳೆದು ಮೂರೂ ಹೊಂದುತ್ತವೆಯೇ ಎಂದು ನೋಡುವ ಪದ್ಧತಿ ಇದು.

ಅದೇ ನಾಲೆಯ ನೀರು ಇಪ್ಪತ್ತು ವರ್ಷಗಳ ಬಳಿಕ ಮತ್ತೊಂದು ಬಗೆಯ ಅಧ್ಯಯನಕ್ಕೆ ಕಾರಣವಾಯಿತು. ಅದಕ್ಕೆ ಮುನ್ನ, 1948ರಲ್ಲಿ, ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ವಾಸಮಾಡಿ, ಊರವರ ನಡುವೆ ಇದ್ದುಕೊಂಡೇ ನೋಡುವ, ಸಹಭಾಗಿ ವೀಕ್ಷಣೆ ಎಂಬ ಕ್ರಮವನ್ನು ಅನುಸರಿಸಿದ್ದರು. ‘ರಾಮಪುರ’ ಎಂಬ ಕಲ್ಪಿತ ಹೆಸರಿನ ಆ ಊರಿನಿಂದ ಹೊರಟ ಪ್ರಬಲ ಜಾತಿಯ ಪರಿಕಲ್ಪನೆ ಇಂದು ಪತ್ರಿಕೆಯ ಚುನಾವಣಾ ವರದಿಗಳಲ್ಲೂ ಸಲ್ಲುತ್ತಿದೆ. ಒಂದೇ ಊರಿನ ಒಳಹೊಕ್ಕು ನೋಡಿದವನಿಗೆ ಆಳ ಸಿಗುತ್ತದೆ. ಇಂಥ ಬದಲಾವಣೆಗೆ ಇದೇ ಕಾರಣ ಎಂದು ಹೇಳುವ ಅಧಿಕಾರ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಆ ಕಾರಣವಿಲ್ಲದ ಇನ್ನೊಂದು ಊರು ಕಣ್ಣೆದುರಿಗೆ ಇರುವುದಿಲ್ಲ.

ಈ ಕೊರತೆಯನ್ನು ತುಂಬಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕಾಟಕ್ಕೆ ದೇಶಬಿಟ್ಟು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರಿನಲ್ಲಿ ಅರ್ಥಶಾಸ್ತ್ರವನ್ನೂ ಮಾನವಶಾಸ್ತ್ರವನ್ನೂ ಕಲಿತ ಆಕೆ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಪುಸ್ತಕದಲ್ಲಿ ಅವುಗಳಿಗೆ ವಂಗಲ, ದಲೇನ ಎಂಬ ಹೆಸರುಗಳಿವೆ. ವಂಗಲದ ಜಮೀನಿಗೆ ನಾಲೆಯ ನೀರು ಹತ್ತಿ ಅದು ತರಿಯಾಗಿತ್ತು. ದಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಸುತ್ತಲೂ ಹಸಿರಾದರೂ ಆ ಊರು ಖುಷ್ಕಿಯಾಗಿಯೇ ಉಳಿಯಿತು. ಎರಡೂ ಒಕ್ಕಲಿಗರು ಹೆಚ್ಚಾಗಿರುವ, ಒಂದೇ ಪ್ರದೇಶದ, ಒಂದೇ ನಡವಳಿಕೆಯ ಊರುಗಳು. ಸಂಶೋಧಕ ತಾನಾಗಿ ಏನನ್ನೂ ಬದಲಿಸದೆ, ಬೇರೆ ಕಾರಣಕ್ಕೆ ಆದ ಬದಲಾವಣೆಯನ್ನೇ ಪ್ರಯೋಗದಂತೆ ಬಳಸಿಕೊಳ್ಳುವುದನ್ನು ಸಹಜ ಪ್ರಯೋಗ ಎನ್ನುತ್ತಾರೆ. ನಾಲೆಯ ಇಂಜಿನಿಯರುಗಳು ನೆಲದ ಏರುತಗ್ಗು ನೋಡಿ ನಾಲೆಯ ಜಾಡು ಹಿಡಿದಾಗ ಇಂಥದೊಂದು ಪ್ರಯೋಗವನ್ನು ತಮಗೇ ಅರಿವಿಲ್ಲದೆ ಸಿದ್ಧಪಡಿಸಿದ್ದರು.

ಫಲಿತಾಂಶ ಎಣಿಸಿದ್ದಕ್ಕೆ ವಿರುದ್ಧವಾಗಿತ್ತು. ನೀರು ಬಂದ ವಂಗಲದಲ್ಲಿ ಹಣ ಬಂತು, ಕಬ್ಬು ಬಂತು, ಆದರೆ ಊರಿನ ಕಟ್ಟುಪಾಡು ಸಡಿಲವಾಗಲಿಲ್ಲ. ಗದ್ದೆಗೆ ಆಳು ಹೆಚ್ಚಾಗಿ ಬೇಕಾದ್ದರಿಂದ ಒಕ್ಕಲು ಮನೆತನಕ್ಕೂ ಆದಿ ಕರ್ನಾಟಕ ಕುಟುಂಬಕ್ಕೂ ತಲೆಮಾರುಗಳಿಂದ ಇದ್ದ ‘ಹಳೇಮಕ್ಕಳು’ ಎಂಬ ಸಂಬಂಧ ಇನ್ನಷ್ಟು ಬಲವಾಯಿತು. ವರ್ಷಪೂರ್ತಿ ಕರೆದಾಗ ದುಡಿಯುವುದು, ಸುಗ್ಗಿಯಲ್ಲಿ ಗೊತ್ತಾದ ಧಾನ್ಯ ಪಡೆಯುವುದು ಆ ಸಂಬಂಧದ ತಿರುಳು. ಆದಿ ಕರ್ನಾಟಕರು ಆಡಿದ ನಾಟಕವೊಂದರಲ್ಲಿ ತಮ್ಮವನೊಬ್ಬ ರಾಜನ ಪಾತ್ರದಲ್ಲಿ ಸಿಂಹಾಸನವೇರಿ ಕುಳಿತದ್ದಕ್ಕೆ ಒಕ್ಕಲುಗಳು ಅವರಿಗೆ ಕೆಲಸ ಕೊಡದೆ ಬಹಿಷ್ಕಾರ ಹಾಕಿದ ಪ್ರಸಂಗವನ್ನು ಎಪ್‌ಸ್ಟೈನ್ ವಿವರಿಸಿದ್ದಾರೆ. ಆದಾಯದ ಕೋಷ್ಟಕಗಳು ಹೇಳದೆ ಬಿಟ್ಟದ್ದನ್ನು ಈ ಒಂದು ಪ್ರಸಂಗ ಹೇಳುತ್ತದೆ. ದಲೇನದಲ್ಲಾದರೋ ಊರೊಳಗೆ ಏಳಿಗೆಗೆ ದಾರಿಯಿಲ್ಲದೆ ಜನ ಹೊರಗೆ ನೋಡಿದರು: 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಮಂಡ್ಯದ ಕಾರ್ಖಾನೆಯಲ್ಲಿ ಕೆಲಸ, ಕಬ್ಬಿನ ಗಾಡಿ ಬಾಡಿಗೆ, ಗುತ್ತಿಗೆ, ವ್ಯಾಪಾರ, ಕೈಗೆ ಹಣ ಬಂದವರಿಗೆ ನೆರೆಯೂರಿನಲ್ಲಿ ಗದ್ದೆಯ ಖರೀದಿ. ಹೊರಗಿನ ದುಡಿಮೆ ಹೆಚ್ಚಿದಂತೆ ವಂಶಪಾರಂಪರ್ಯದ ಆಳು-ಒಡೆಯ ಕಟ್ಟು ಕಳಚಿತು, ಊರಿನ ಯಜಮಾನಿಕೆಯ ಹಳೆಯ ಕ್ರಮ ಕುಸಿಯಿತು. ನೀರು ಕಾಣದ ಊರು ನೀರುಂಡ ಊರಿಗಿಂತ ಹೆಚ್ಚು ಬದಲಾಗಿತ್ತು. ವಂಗಲವೊಂದನ್ನೇ ನೋಡಿದ್ದರೆ ನೀರಾವರಿಯಿಂದ ಸಮಾಜ ಬದಲಾಗುವುದಿಲ್ಲವೆಂಬ ಅರ್ಧಸತ್ಯ ಸಿಗುತ್ತಿತ್ತು, ದಲೇನವೊಂದನ್ನೇ ನೋಡಿದ್ದರೆ ಬದಲಾವಣೆಗೆ ನೀರಾವರಿಯೇ ಕಾರಣವೆಂಬುದು ಹೊಳೆಯುತ್ತಲೇ ಇರಲಿಲ್ಲ.

1962ರಲ್ಲಿ ಪ್ರಕಟವಾದ ಈ ಅಧ್ಯಯನ ಮೆಚ್ಚುಗೆಗೆ ಅರ್ಹವಾದರೂ ಅದರ ವಿನ್ಯಾಸದಲ್ಲಿ ಎರಡು ಸಂದುಗಳಿವೆ. ನಾಲೆ ಬಂದ ಮೇಲೆ ಬಹಳ ವರ್ಷ ಕಳೆದು ಕ್ಷೇತ್ರಕಾರ್ಯ ನಡೆದುದರಿಂದ, ನೀರಿಗೆ ಮುಂಚೆ ಎರಡು ಊರುಗಳು ನಿಜವಾಗಿ ಸಮನಾಗಿದ್ದವೇ ಎಂಬುದನ್ನು ಹಿರಿಯರ ನೆನಪು ಮತ್ತು ಹಳೆಯ ಕಾಗದಪತ್ರಗಳಿಂದ ಕಟ್ಟಿಕೊಳ್ಳಬೇಕಾಯಿತು. ಬದಲಾವಣೆಗೆ ಮೊದಲೇ ಅಳೆದಿಟ್ಟ ಸ್ಥಿತಿ, ಅಂದರೆ ಆಧಾರರೇಖೆ, ಇಲ್ಲಿ ಇರಲಿಲ್ಲ. ಎರಡನೆಯ ಸಂದು ಇನ್ನೂ ದೊಡ್ಡದು. ಔಷಧದ ಪರೀಕ್ಷೆಯಲ್ಲಿ ಔಷಧ ಪಡೆಯದ ಗುಂಪನ್ನು ಹೋಲಿಕೆಗೆ ಇಟ್ಟುಕೊಳ್ಳುವುದಕ್ಕೆ ನಿಯಂತ್ರಣ ಗುಂಪು ಎಂದು ಹೆಸರು. ದಲೇನ ಅಂಥ ಗುಂಪಲ್ಲ, ಏಕೆಂದರೆ ಸುತ್ತಲಿನ ಊರುಗಳ ಕಬ್ಬು, ಕಾರ್ಖಾನೆ, ಪೇಟೆಗಳ ಮೂಲಕ ನೀರಾವರಿ ಅದನ್ನೂ ಮುಟ್ಟಿತ್ತು. ನಾಲೆಯ ಪ್ರಭಾವವೇ ಇಲ್ಲದ ಮೂರನೆಯ ಊರೊಂದು, ಆ ಕಾಲದ ನಾಗಮಂಗಲದ ಬೆದ್ದಲು ಸೀಮೆಯಿಂದ ಆರಿಸಿದ್ದು, ಈ ಜೋಡಿಗೆ ಸೇರಿದ್ದರೆ ವಾದ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಎಪ್‌ಸ್ಟೈನ್ ಅದೇ ಊರುಗಳಿಗೆ 1970ರಲ್ಲಿ ಮರಳಿ ಬಂದರು. 1973ರ ಪುಸ್ತಕದಲ್ಲಿ ಉಳ್ಳವರ ಮತ್ತು ಇಲ್ಲದವರ ನಡುವೆ ಅಂತರ ಬೆಳೆದದ್ದನ್ನು ತೋರಿಸಿ, ಮುಂದೇನಾದೀತೆಂಬ ಮುನ್ನಂದಾಜನ್ನೂ ಮುಂದಿಟ್ಟರು. 1998ರಲ್ಲಿ ಬಂದ ಮೂರನೆಯ ಪುಸ್ತಕಕ್ಕೆ ಎ. ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಸಹಲೇಖಕರು.

ಮರಳಿ ಹೋಗಿ ನೋಡುವ ಈ ಬಗೆ ವೈದ್ಯಕೀಯದಲ್ಲಿ ಇನ್ನೂ ಕಟ್ಟುನಿಟ್ಟಾದ ರೂಪ ತಾಳಿದ್ದು ಶ್ರೀರಂಗಪಟ್ಟಣಕ್ಕೆ ಹತ್ತಿರದ ಮೈಸೂರಿನಲ್ಲಿ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಾಗಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಹೆರಿಗೆಯ ದಾಖಲೆಯಲ್ಲಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ತಿರುಗಿ, 1934 ಮತ್ತು 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದ ಐನೂರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿ ಪರೀಕ್ಷಿಸಿದರು. ಹುಟ್ಟಿನಂಥ ಒಂದು ಗುರುತಿನಿಂದ ಕೂಡಿಸಿದ ಜನರನ್ನು ಕಾಲದುದ್ದಕ್ಕೂ ಹಿಂಬಾಲಿಸುವ ಇಂಥ ಕ್ರಮ ಸಮೂಹ ಅಧ್ಯಯನ. ಇಲ್ಲಿ ಹಿಂಬಾಲಿಸುವ ಕೆಲಸದ ಮೊದಲರ್ಧವನ್ನು ಹಳೆಯ ದಾಖಲೆಗಳೇ ಮುಗಿಸಿಟ್ಟಿದ್ದವು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ನೂರಕ್ಕೆ 11ರಷ್ಟಿದ್ದರೆ, 3.1 ಕಿಲೋ ಮತ್ತು ಅದಕ್ಕೂ ಹೆಚ್ಚು ತೂಗಿದವರಲ್ಲಿ ಅದು 3ಕ್ಕೆ ಇಳಿದಿತ್ತೆಂದು 1996ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಆಸ್ಪತ್ರೆಗೆ ಬಂದು ಹೆತ್ತವರು, ಬಳಿಕವೂ ಅದೇ ಬಡಾವಣೆಯಲ್ಲಿ ಉಳಿದವರು, ಅಲ್ಲಿಯವರೆಗೆ ಬದುಕಿದ್ದವರು ಮಾತ್ರ ಈ ಲೆಕ್ಕಕ್ಕೆ ಸಿಕ್ಕಿದ್ದಾರೆಂಬುದನ್ನು ಓದುಗರು ನೆನಪಿಡಬೇಕು. ತೊಣ್ಣೂರಿನಂಥ ಹಳ್ಳಿಯ ಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೂಸಿನ ತೂಕವನ್ನು ಆಗ ಯಾರೂ ಬರೆದಿಡಲಿಲ್ಲ.

1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡ ಬಳಿಕ ಹೇಮಾವತಿಯ ನಾಲೆಗಳು ಕೃಷ್ಣರಾಜಪೇಟೆ, ನಾಗಮಂಗಲಗಳತ್ತ ಚಾಚಿದವು; ಹೀಗಾಗಿ ಮಂಡ್ಯದಲ್ಲಿ 1930ರ ದಶಕದಲ್ಲಿ ಎದ್ದ ಪ್ರಶ್ನೆ ಈ ತಾಲ್ಲೂಕುಗಳಲ್ಲಿ ಮತ್ತೊಮ್ಮೆ ಎದ್ದಿದೆ. ನಾಲೆಯ ನೀರು ಹತ್ತಿದ ಊರು, ನೆರೆಯಲ್ಲಿದ್ದೂ ಹತ್ತದ ಊರು, ಎರಡರಿಂದಲೂ ದೂರವಿರುವ ಮಳೆಯಾಶ್ರಿತ ಊರು, ಹೀಗೆ ಮೂರನ್ನೂ ಒಟ್ಟಿಗೆ ಆರಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಮೈಸೂರು, ಮಂಡ್ಯಗಳ ಸ್ನಾತಕೋತ್ತರ ವಿಭಾಗಗಳು ಈ ಕೆಲಸಕ್ಕೆ ಕೈಹಾಕುವುದಾದರೆ, ಹೊಸ ನಾಲೆ ತೋಡಲು ಆರಂಭಿಸುವ ಮೊದಲೇ ಆ ಊರುಗಳಿಗೆ ಹೋಗಿ ಹಿಡುವಳಿ, ಕೂಲಿ ಮತ್ತು ಮಕ್ಕಳ ತೂಕವನ್ನು ಬರೆದಿಟ್ಟುಕೊಳ್ಳಬೇಕು.