ಸಂಚಾರಿ ನಿಸ್ತಂತು ಜಾಲಗಳಲ್ಲಿ ಸೇವೆಯ ಗುಣಮಟ್ಟ: ಒಂದು ಐತಿಹಾಸಿಕ ವಿವೇಚನೆ

ಸ್ಥಿರವಾದ ಗೋಪುರಗಳ ನೆರವಿಲ್ಲದೆ, ಚಲಿಸುವ ರೇಡಿಯೋ ಯಂತ್ರಗಳೇ ಒಂದರ ಸಂದೇಶವನ್ನು ಮತ್ತೊಂದು ಮುಂದಕ್ಕೆ ಸಾಗಿಸುವ ವ್ಯವಸ್ಥೆಯೇ ಸಂಚಾರಿ ತಾತ್ಕಾಲಿಕ ಜಾಲ. ಸಂದೇಶವು ನಿಯತ ಕಾಲದೊಳಗೆ ಲೋಪವಿಲ್ಲದೆ ತಲಪುವುದೆಂಬ ಭರವಸೆಯನ್ನು ಇಂತಹ ಜಾಲದಲ್ಲಿ ಕಾಪಾಡಲು ನಡೆದ ಯತ್ನಗಳನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಈ ಸಮಸ್ಯೆಯ ಮೂಲವು ಆಕಾಶಮಾರ್ಗವನ್ನು ಹಲವರು ಹಂಚಿಕೊಳ್ಳುವುದರಲ್ಲಿದೆ. ನಾರ್ಮನ್ ಅಬ್ರಾಮ್ಸನ್ನರ ನೇತೃತ್ವದಲ್ಲಿ 1971ರಲ್ಲಿ ಹವಾಯಿಯಲ್ಲಿ ಕಾರ್ಯಾರಂಭ ಮಾಡಿದ ಅಲೋಹಾ ಜಾಲವು ಕೇಂದ್ರವೊಂದನ್ನು ಆಶ್ರಯಿಸಿದ್ದಿತು. ಅಲ್ಲಿ ಏಕಕಾಲದ ಸಂದೇಶಗಳು ಪರಸ್ಪರ ಡಿಕ್ಕಿ ಹೊಡೆಯುತ್ತಿದ್ದುದರಿಂದ, ಗಣಿತದ ಪ್ರಕಾರ ಮಾರ್ಗಸಾಮರ್ಥ್ಯದ ಸುಮಾರು ಶೇಕಡ 18ಕ್ಕಿಂತ ಹೆಚ್ಚು ಸಫಲವಾಗುವಂತಿರಲಿಲ್ಲ. 1973ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯು ಆರಂಭಿಸಿದ ಪ್ಯಾಕೆಟ್ ರೇಡಿಯೋ ಯೋಜನೆಯು ಸಂದೇಶವಾಹಕ ಯಂತ್ರಗಳನ್ನು ವಾಹನಗಳ ಮೇಲೇರಿಸಿತು. ಅಂದಿನಿಂದ ಮಾರ್ಗವೂ ಅಸ್ಥಿರವಾಯಿತು.

ತಂತಿಜಾಲದಲ್ಲಿ ಮಾರ್ಗದ ಪಾಲನ್ನು ಮುಂಗಡವಾಗಿ ಕಾಯ್ದಿರಿಸಬಹುದು. ಸಂಚಾರಿ ಜಾಲದಲ್ಲಾದರೋ ನಡುವಣ ಒಂದು ಯಂತ್ರವು ದೂರ ಸರಿದೊಡನೆ ಕಾಯ್ದಿರಿಸಿದ ಪಾಲೂ ವ್ಯರ್ಥವಾಗುತ್ತದೆ. ಆದುದರಿಂದ 1990ರ ದಶಕದ ಕೊನೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಇನ್‌ಸಿಗ್ನಿಯಾ ಪದ್ಧತಿಯಲ್ಲಿ ಕೋರಿಕೆಯು ಸಂದೇಶದೊಡನೆಯೇ ಸಾಗುತ್ತದೆ. ನವೀಕರಣಗೊಳ್ಳದ ಪಾಲು ತಾನಾಗಿ ರದ್ದಾಗುತ್ತದೆ. ಪೂರ್ಣ ಪಾಲು ದೊರೆಯದೆಡೆ ಕನಿಷ್ಠ ಪಾಲಿನಿಂದ ಸೇವೆಯು ಮುಂದುವರಿಯುತ್ತದೆ.

ಪ್ರವಾಹ ಭೂಕಂಪಗಳಲ್ಲಿ ಗೋಪುರಗಳು ಉರುಳಿದಾಗ ರಕ್ಷಣಾಕಾರ್ಯಕ್ಕೆ ಇಂತಹ ಜಾಲವು ಆಸರೆಯಾಗಬಲ್ಲದು. ಅಲ್ಲಿ ಇದ್ದಕ್ಕಿದ್ದಂತೆ ಮುರಿದುಬೀಳುವ ದೊಡ್ಡ ಭರವಸೆಗಿಂತ, ಅಲ್ಪವಾದರೂ ಉಳಿದುಬರುವ ಭರವಸೆಯೇ ಮೇಲೆಂಬುದು ಈ ಇತಿಹಾಸದಿಂದ ನಮಗೆ ದೊರೆಯುವ ನಿರ್ಣಯ.