ಮಲೆಯಿಂದ ಇಳಿದ ಸಾಮಂತರು

ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಮಲ್ಲಿಕಾರ್ಜುನ ದೇವಾಲಯ ಹೊಯ್ಸಳರ ಕಾಲದ್ದು. ಊರು ಬಯಲುಸೀಮೆಯದು, ಅದನ್ನಾಳಿದ ಮನೆತನ ಮಾತ್ರ ಮಲೆನಾಡಿನದು. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಅಂದಿನ ಸೊಸೆವೂರು, ಹೊಯ್ಸಳರ ಮೂಲ ನೆಲೆ. ಗುಡ್ಡಗಾಡಿನ ನಾಯಕರಾದ ‘ಮಲೆಪ’ರಲ್ಲಿ ಬಲಿಷ್ಠರಾದ ಇವರು ಬೆಳೆದದ್ದು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ.

ಅಂಚಿನ ಜನರ ತೋಳ್ಬಲದಿಂದ ಸಾಮ್ರಾಜ್ಯವನ್ನು ಕಾಯುವುದು ಚಾಲುಕ್ಯರೊಬ್ಬರ ಉಪಾಯವಲ್ಲ. ಕ್ರಿ.ಶ. 376ರಲ್ಲಿ ಹೂಣರಿಗೆ ಹೆದರಿ ಬಂದ ಗಾಥರನ್ನು ರೋಮ್ ಚಕ್ರವರ್ತಿ ವೇಲೆನ್ಸ್ ಡ್ಯಾನ್ಯೂಬ್ ನದಿ ದಾಟಗೊಟ್ಟದ್ದೂ ಸೈನ್ಯಕ್ಕೆ ಆಳು ಸಿಗುವರೆಂಬ ಲೆಕ್ಕದಿಂದಲೇ. ಆದರೆ ಹಸಿದವರಿಗೆ ರೋಮನ್ ಅಧಿಕಾರಿಗಳು ನಾಯಿಗಳನ್ನು ಕೊಟ್ಟು, ನಾಯಿಗೊಬ್ಬನಂತೆ ಗುಲಾಮರನ್ನು ಪಡೆದರೆಂದು ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಗಾಥರು ದಂಗೆಯೆದ್ದರು. 378ರಲ್ಲಿ ಏಡ್ರಿಯನೋಪಲ್ ಕದನದಲ್ಲಿ ವೇಲೆನ್ಸನೇ ಹತನಾದ. 410ರಲ್ಲಿ ಅಲಾರಿಕನ ಗಾಥರು ರೋಮ್ ನಗರವನ್ನೇ ಸೂರೆಗೈದರು.

ಇಲ್ಲಿನ ಕಥೆ ಇಷ್ಟು ಅವಸರದ್ದಲ್ಲ. ಹೊಯ್ಸಳ ಎರೆಯಂಗ ಚಾಲುಕ್ಯರ ಪರವಾಗಿ ಹೋರಾಡಿ ಮಾಳವದ ಧಾರಾನಗರವನ್ನು ಸುಟ್ಟನೆಂದು ಶಾಸನಗಳು ಹೊಗಳುತ್ತವೆ. ಅವನ ಮಗ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಕಸಿದುಕೊಂಡ ಮೇಲೆ ಕಲ್ಯಾಣಕ್ಕೆ ಕಳವಳ ಹುಟ್ಟಿತು. ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೈನ್ಯ ಹನ್ನೆರಡು ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿತು. ಹೊಯ್ಸಳ ದಂಡನಾಯಕ ಗಂಗರಾಜ ರಾತ್ರಿಯಲ್ಲಿ ಆ ಪಾಳೆಯದ ಮೇಲೆರಗಿ ಅದನ್ನು ಚೆದುರಿಸಿದ. ಮೆಚ್ಚಿದ ಅರಸ ಬೇಕಾದುದನ್ನು ಕೇಳೆಂದಾಗ ಅವನು ಪಡೆದದ್ದು ಪರಮ ಎಂಬ ಒಂದು ಹಳ್ಳಿಯನ್ನು. ಅದನ್ನೂ ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ. ಶ್ರವಣಬೆಳಗೊಳದ 1118ರ ಶಾಸನ ಇದನ್ನು ಹೇಳುತ್ತದೆ.

ಇಷ್ಟಾದರೂ ವಿಷ್ಣುವರ್ಧನ ಸ್ವತಂತ್ರನಾಗಲಿಲ್ಲ. ಚಾಲುಕ್ಯರ ಇನ್ನೊಬ್ಬ ಸಾಮಂತ, ಸಿಂದರ ಆಚುಗಿ, ಅವನನ್ನು ಹಿಮ್ಮೆಟ್ಟಿಸಿದ. ಸಾಮಂತನನ್ನು ಸಾಮಂತನಿಂದಲೇ ಹಣಿಸುವ ಜಾಣತನ ಕಲ್ಯಾಣಕ್ಕಿತ್ತು. ಸೋತ ಹೊಯ್ಸಳರಿಗೂ ಹಿಂದಿರುಗಲು ಮಲೆನಾಡಿತ್ತು, ಕಾಯಲು ಕಾಲವಿತ್ತು. ಗಾಥರ ಬೆನ್ನ ಹಿಂದೆ ಇದ್ದವರು ಹೂಣರು. ಎರಡು ಕಥೆಗಳ ಮುಖ್ಯ ಅಂತರ ಇಲ್ಲಿದೆ.

ಹೊಯ್ಸಳರು ಕಾದದ್ದು ಎರಡು ತಲೆಮಾರು. 1190ರ ಸುಮಾರಿಗೆ ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳ ಕುಸಿಯುತ್ತಿದ್ದ ಚಾಲುಕ್ಯರ ಸೈನ್ಯವನ್ನೂ, ಅವರ ಜಾಗಕ್ಕೆ ನುಗ್ಗಿದ್ದ ಸೇವುಣರನ್ನೂ ಸೋಲಿಸಿ ಸಾಮ್ರಾಟರ ಬಿರುದುಗಳನ್ನು ಧರಿಸಿದ. ಅವುಗಳ ನಡುವೆ ಮಲೆಯ ದಿನಗಳ ಹಳೆಯ ಬಿರುದೊಂದನ್ನು ಮಾತ್ರ ಬಿಡಲಿಲ್ಲ: ‘ಮಲೆಪರೊಳ್ ಗಂಡ’.